ಪದಚರ್ಚೆ: ಮೊಟ್ಟೆ ಬೇಯಿಸುವ ವಾಚಿಗೆ ಕನ್ನಡದಲ್ಲಿ ಏನನ್ನೋಣ?

‘ದಿ ಲಾಸ್ಟ್ ರೂಮ್’ (The Lost Room) ಅಂತ ಒಂದು ಅಮೆರಿಕದ ಟಿವಿ ಸರಣಿ ಇದೆ. 2006ರ ಡಿಸೆಂಬರ್‌ನಲ್ಲಿ ಸೈ ಫೈ ಚಾನೆಲ್‌ನಲ್ಲಿ ಬಂದದ್ದು. ಸಣ್ಣ ಸರಣಿ, ಬೇಗ ಮುಗಿಯುತ್ತದೆ. ಅದರ ಬಗ್ಗೆ ಕನ್ನಡದಲ್ಲಿ ಒಂದು ಬರಹ ಮಾಡುತ್ತಿದ್ದೇನೆ. ಕಥೆ ಹೇಳುವುದು ಕಷ್ಟವಿಲ್ಲ, ಆದರೆ ಅದರ ನಡುವೆ ಕೂತಿರುವ ಒಂದು ಪದ ಜಗ್ಗುತ್ತಿಲ್ಲ.

ಕಥೆ ಇಷ್ಟು. ನ್ಯೂ ಮೆಕ್ಸಿಕೋದ ಗ್ಯಾಲಪ್ ಊರಾಚೆ, ರೂಟ್ 66 ಹೆದ್ದಾರಿಯಲ್ಲಿ ಸನ್‌ಶೈನ್ ಮೋಟೆಲ್ ಅಂತ ಒಂದು ತಂಗುವ ಜಾಗ. 1961ರ ಮೇ 4ರಂದು ಮಧ್ಯಾಹ್ನ 1 ಗಂಟೆ 20 ನಿಮಿಷ 44 ಸೆಕೆಂಡಿಗೆ ಅಲ್ಲಿನ ಹತ್ತನೇ ರೂಮಿನಲ್ಲಿ ಏನೋ ಆಗುತ್ತದೆ. ಆ ರೂಮು ಲೋಕದಿಂದಲೇ ಅಳಿಸಿಹೋಗುತ್ತದೆ, ಅಂಥದ್ದೊಂದು ಇತ್ತು ಅನ್ನುವ ನೆನಪೂ ಯಾರಿಗೂ ಇರುವುದಿಲ್ಲ. ಒಳಗಿದ್ದ ಸುಮಾರು ನೂರು ಚಿಲ್ಲರೆ ವಸ್ತುಗಳಿಗೆ ಮಾತ್ರ ಒಂದೊಂದು ವಿಚಿತ್ರ ಶಕ್ತಿ ಬಂದಿದೆ. ಬಾಚಣಿಗೆಯಿಂದ ತಲೆ ಬಾಚಿಕೊಂಡರೆ ಹತ್ತು ಸೆಕೆಂಡಿನಷ್ಟು ಹೊತ್ತು ಕಾಲ ನಿಲ್ಲುತ್ತದೆ. ಬಸ್ ಟಿಕೆಟ್ ಯಾರಿಗೆ ತಾಗಿಸಿದರೂ ಅವರು ಗ್ಯಾಲಪ್ ಊರಿನ ಹೊರಗಿನ ರಸ್ತೆಯಲ್ಲಿ ಬಿದ್ದಿರುತ್ತಾರೆ. ಪೆನ್ಸಿಲನ್ನು ಮೇಜಿಗೆ ತಟ್ಟಿದರೆ ಒಂದು ಸೆಂಟಿನ ನಾಣ್ಯ ಬೀಳುತ್ತದೆ. ಇನ್ನು ಕೈಗಡಿಯಾರ. ಅದರ ಪಟ್ಟಿಯ ಬಳೆಯೊಳಗೆ ಮೊಟ್ಟೆ ಇಟ್ಟರೆ ಮೊಟ್ಟೆ ಬೇಯುತ್ತದೆ. ಅಷ್ಟೇ ಅದರ ಕೆಲಸ!

ಇವಕ್ಕೆಲ್ಲ ಸರಣಿಯಲ್ಲಿ ಇಟ್ಟಿರುವ ಹೆಸರು ‘ಆಬ್ಜೆಕ್ಟ್’. ಬರೀ ಅದೇ. ಇಂಗ್ಲಿಷಿನವರು ಮೊದಲ ಅಕ್ಷರ ದೊಡ್ಡದಾಗಿ ಬರೆದು ಕೈತೊಳೆದುಕೊಂಡಿದ್ದಾರೆ. ನಮ್ಮ ಲಿಪಿಯಲ್ಲಿ ಆ ದಾರಿ ಇಲ್ಲ. ‘ವಸ್ತು’ ಅಂತ ಬರೆದರೆ ಮೇಜಿನ ಮೇಲಿರುವ ಯಾವುದೋ ವಸ್ತು ಅಂತಲೇ ಓದುಗರು ತಿಳಿಯುತ್ತಾರೆ. ಹಾಗಾಗಿ ಹಿಂದೊಂದು ವಿಶೇಷಣ ಸೇರಿಸಬೇಕು. ಯಾವುದು?

ಮೊದಲು ಬಾಯಿಗೆ ಬರುವುದು ‘ಮಾಯಾ’. ಮಾಯಾಕನ್ನಡಿ, ಮಾಯಾಜಿಂಕೆ ಎಲ್ಲ ಕೇಳಿ ಬೆಳೆದವರು ನಾವು. ಆದರೆ ಮಾರೀಚನ ಜಿಂಕೆ ನಿಜವಾದ ಜಿಂಕೆ ಅಲ್ಲ, ಅದಕ್ಕೇ ಅದು ಮಾಯಾಜಿಂಕೆ. ‘ಮಾಯಾ’ ಅಂದ ಕೂಡಲೇ ‘ಇದ್ದಂತೆ ಕಾಣುವ, ಇಲ್ಲದ’ ಅನ್ನುವ ಅರ್ಥ ಜೊತೆಗೇ ಬಂದು ಕೂರುತ್ತದೆ. ಈ ಬಾಚಣಿಗೆ ಹಾಗಲ್ಲ, ಗಟ್ಟಿ ವಸ್ತು. ಎಷ್ಟು ಗಟ್ಟಿ ಅಂದರೆ ಆ ರೂಮಿನಿಂದ ಹೊರಗಿರುವಷ್ಟು ಕಾಲ ಅದನ್ನು ಮುರಿಯಲೂ ಆಗದು, ಸುಡಲೂ ಆಗದು. ಅಳಿಸಿಹೋದ ಆ ರೂಮಿಗೆ ಅದರ ಕೀಲಿಕೈ ಇದ್ದವರು ಮಾತ್ರ ಹೋಗಬಹುದು. ರೂಮಿನೊಳಗೆ ಒಯ್ದರೆ ಮಾತ್ರ ಶಕ್ತಿ ಹೋಗಿ ಮಾಮೂಲಿ ಬಾಚಣಿಗೆಯಾಗುತ್ತದೆ. ಇನ್ನೊಂದು ತೊಡಕೂ ಇದೆ. ಕೀಲಿಕೈ ಹೊರಗಿಟ್ಟುಕೊಂಡು ಬಾಗಿಲು ಹಾಕಿ ಮತ್ತೆ ತೆರೆದರೆ, ರೂಮಿಗೆ ಸೇರದ್ದೇನಾದರೂ ಒಳಗಿದ್ದರೆ ಅದು ಮಾಯವಾಗಿರುತ್ತದೆ. ಕಥಾನಾಯಕ ಜೋ ಮಿಲ್ಲರ್‌ನ ಮಗಳು ಹೋಗುವುದೇ ಹಾಗೆ. ಅಂದರೆ ಇಲ್ಲಿ ‘ಮಾಯ’ ಆಗುವುದು ಬೇರೆಯವು, ‘ಮಾಯಾವಸ್ತು’ ಅನ್ನಿಸಿಕೊಂಡವು ಮಾತ್ರ ಮಾಯ ಆಗುವುದಿಲ್ಲ. ಒಂದೇ ಪುಟದಲ್ಲಿ ಎರಡೂ ಬಂದರೆ ಓದುಗರ ಗತಿ?

‘ಮಂತ್ರಿಸಿದ’ ಅಂದರೆ ಹೇಗೆ? ಮಂತ್ರಿಸಿದ ದಾರ, ಮಂತ್ರಿಸಿದ ನಿಂಬೆಹಣ್ಣು ಅಂತ ದಿನಾ ಅನ್ನುತ್ತೇವೆ, ಪದ ಚೆನ್ನಾಗಿ ಪಳಗಿದೆ. ಆದರೆ ಮಂತ್ರಿಸಿದ್ದು ಅಂದ ಮೇಲೆ ಮಂತ್ರಿಸಿದವರೊಬ್ಬರು ಇರಲೇಬೇಕು. ಈ ಕಥೆಯಲ್ಲಿ ಯಾರೂ ಇಲ್ಲ. ಯಾಕೆ ಹೀಗಾಯಿತು ಅಂತ ಸರಣಿ ಕೊನೆವರೆಗೂ ಹೇಳುವುದಿಲ್ಲ, ಅದರ ಸ್ವಾರಸ್ಯವೇ ಅದು. ‘ಪವಾಡ’ಕ್ಕೂ ಇದೇ ತಕರಾರು. ಪವಾಡ ಮಾಡಿದವರು ಯಾರು ಅಂತ ಕೇಳುತ್ತಾರೆ. ‘ಮಾಂತ್ರಿಕ’ ಅನ್ನುವುದನ್ನು ಪತ್ರಿಕೆಗಳಲ್ಲಿ ವಿಶೇಷಣವಾಗಿ ಈಗ ಜಾಸ್ತಿ ಬಳಸುತ್ತಾರೆ, ಮಾಂತ್ರಿಕ ಸ್ಪರ್ಶ ಅಂತೆಲ್ಲ. ನನಗೆ ಮಾತ್ರ ‘ಮಾಂತ್ರಿಕ ಬಾಚಣಿಗೆ’ ಅಂದರೆ ಮಾಂತ್ರಿಕನೊಬ್ಬ ತಲೆ ಬಾಚಿಕೊಳ್ಳುತ್ತಿರುವುದೇ ಕಣ್ಣಿಗೆ ಬರುತ್ತದೆ.

ಸಂಸ್ಕೃತದ ಕಡೆ ಹೋದರೆ ಇನ್ನೂ ತಮಾಷೆ. ‘ಅಮಾನುಷ’ ಅನ್ನುವ ಪದಕ್ಕೆ ಮೂಲದಲ್ಲಿ ಮನುಷ್ಯರದ್ದಲ್ಲದ ಅನ್ನುವ ಅರ್ಥ ಇದೆ. ಆದರೆ ಇವತ್ತಿನ ಪತ್ರಿಕೆಯಲ್ಲಿ ಅಮಾನುಷ ಅಂದರೆ ಕ್ರೂರ. ‘ಅಮಾನುಷ ಬಾಚಣಿಗೆ’ ಅಂದರೆ ಕೂದಲು ಕಿತ್ತುಬರುವ ಬಾಚಣಿಗೆ ಅಂದುಕೊಂಡಾರು. ‘ಅತೀಂದ್ರಿಯ’ ಟಿವಿಯವರ ಮುದ್ದಿನ ಪದ. ಅದು ಕಣ್ಣು ಕಿವಿಗೆ ನಿಲುಕದ್ದಕ್ಕೆ ಹೇಳುವ ಮಾತು. ಮೊಟ್ಟೆ ನಮ್ಮ ಕಣ್ಣೆದುರೇ ಬೇಯುತ್ತಿದೆಯಲ್ಲ! ‘ಚಮತ್ಕಾರಿ’ ಅಂದರೆ ಜಾಹೀರಾತು. ‘ಅಲೌಕಿಕ’ ಬೇಡವೇ ಬೇಡ.

ನಮ್ಮ ಹಳೆಯ ಕಥೆಗಳಲ್ಲಿ ಇಂಥ ವಸ್ತುಗಳಿಗೆ ಬರವಿಲ್ಲ. ಅಕ್ಷಯಪಾತ್ರೆ ಇದೆ, ಪರುಷಮಣಿ ಇದೆ. ಆದರೆ ಗಮನಿಸಿ, ಅಲ್ಲಿ ವಸ್ತುವಿಗೂ ಅದರ ಶಕ್ತಿಗೂ ಒಂದು ನಂಟು ಇರುತ್ತದೆ. ಪಾತ್ರೆ ಊಟ ಕೊಡುತ್ತದೆ. ಅದನ್ನು ಧರ್ಮರಾಯನಿಗೆ ಕೊಟ್ಟವನು ಸೂರ್ಯ, ಕೊಟ್ಟದ್ದಕ್ಕೆ ಕಾರಣ ಇದೆ, ದ್ರೌಪದಿಯ ಊಟವಾದ ಮೇಲೆ ಆ ದಿನಕ್ಕೆ ಖಾಲಿ ಅನ್ನುವ ಕಟ್ಟಳೆಯೂ ಇದೆ. ಗ್ಯಾಲಪ್‌ನ ವಾಚಿಗೂ ಮೊಟ್ಟೆಗೂ ಏನು ಸಂಬಂಧ? ಕೊಟ್ಟವರಿಲ್ಲ, ಕಾರಣ ಇಲ್ಲ. ನಮ್ಮ ವಿಶೇಷಣಗಳೆಲ್ಲ ಆ ಹಳೆಯ ಬಗೆಯ ವಸ್ತುಗಳಿಗೆ ಹೊಲಿದವು. ಅದಕ್ಕೇ ಒಂದೂ ಇಲ್ಲಿ ಕೂರುತ್ತಿಲ್ಲ ಅನ್ನಿಸುತ್ತದೆ.

ಹಾಗಾಗಿ ನನ್ನ ಒಲವು ‘ಸಾಮಾನು’ ಕಡೆ. ನಗಬೇಡಿ. ಆ ಪದಕ್ಕೆ ಪೋಲಿ ಅರ್ಥವೊಂದು ಇದೆ ಅಂತ ನನಗೂ ಗೊತ್ತು. ಆದರೂ ನೋಡಿ, ಈ ವಸ್ತುಗಳೆಲ್ಲ ಏನು? ಹೋಟೆಲಿನಲ್ಲಿ ಒಂದು ರಾತ್ರಿ ತಂಗಿದ ಒಬ್ಬ ಪ್ರಯಾಣಿಕನ ರೂಮಿನಲ್ಲಿ ಇರಬಹುದಾದದ್ದು: ಬಾಚಣಿಗೆ, ಪೆನ್ನು, ಉಗುರು ಉಜ್ಜುವ ಅರ, ಬಸ್ ಟಿಕೆಟ್, ರೂಮಿನ ಕೀಲಿಕೈ. ‘ಸಾಮಾನೆಲ್ಲ ತಗೊಂಡ್ರಾ?’ ಅಂತ ರೂಮು ಬಿಡುವಾಗ ಕೇಳುವುದು ಇವನ್ನೇ ಅಲ್ವಾ? ಜೊತೆಗೆ ‘ಸಾಮಾನ್ಯ’ದ ಸದ್ದೂ ಅದರಲ್ಲಿ ಕೇಳುತ್ತದೆ. ಸಾಮಾನು ಪಾರಸಿಯಿಂದ ಬಂದದ್ದು, ಸಾಮಾನ್ಯ ಸಂಸ್ಕೃತದ್ದು, ಎರಡಕ್ಕೂ ನೆಂಟಸ್ತಿಕೆ ಇಲ್ಲ. ಕಿವಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತದೆ. ವಿಶೇಷಣ ಹಚ್ಚದೆ ‘ಹತ್ತನೇ ರೂಮಿನ ಸಾಮಾನು’ ಅಂತ ಒಮ್ಮೆ ಹೇಳಿಬಿಟ್ಟರೆ, ಆಮೇಲೆ ಬರೀ ‘ಸಾಮಾನು’ ಸಾಕು. ‘ಗಳು’ ಹಚ್ಚುವ ಗೊಡವೆಯೂ ಇಲ್ಲ.

ಹೋಟೆಲ್ ವಿಷಯಕ್ಕೆ ಬಂದರೆ ‘ರೂಮು’ ಅಂತಲೇ ಬರೆಯುತ್ತೇನೆ, ‘ಕೋಣೆ’ ಅಲ್ಲ. ಲಾಡ್ಜಿಗೆ ಹೋಗಿ ಕೋಣೆ ಇದೆಯಾ ಅಂತ ಯಾರೂ ಕೇಳುವುದಿಲ್ಲ. ಸರಣಿಯ ಹೆಸರಿಗೆ ‘ಕಳೆದ ರೂಮು’ ಅಂದರೆ ಇಂಗ್ಲಿಷಿಗಿಂತ ಒಂದು ಕೈ ಮೇಲೆ. ಕಳೆದುಹೋದದ್ದೂ ಆಯಿತು, ‘ಕಳೆದ ವರ್ಷ’ದ ಹಾಗೆ ಹಿಂದಿನದ್ದೂ ಆಯಿತು, ಲೆಕ್ಕದಲ್ಲಿ ಹತ್ತರಲ್ಲಿ ಒಂದು ಕಳೆದದ್ದೂ ಆಯಿತು. ಕೀಲಿಕೈ ಬಗ್ಗೆ ಮಾತ್ರ ಸ್ವಲ್ಪ ಅನುಮಾನ. ಉತ್ತರ ಕರ್ನಾಟಕದವರಿಗೆ ಕೀಲಿ ಅಂದರೆ ಬೀಗ, ಬೇರೆ ಕಡೆ ಎಷ್ಟೋ ಜನ ಕೀಲಿ ಅಂದರೆ ಬೀಗದ ಕೈ ಅಂದುಕೊಳ್ಳುತ್ತಾರೆ. ‘ಕೈ’ ಬಿಡದೆ ಬರೆದರೆ ಇಬ್ಬರಿಗೂ ಸರಿ.

ಆ ವಸ್ತುವಿನಲ್ಲಿರುವುದಕ್ಕೆ ‘ಶಕ್ತಿ’ ಅನ್ನುವುದೋ ‘ಗುಣ’ ಅನ್ನುವುದೋ? ಶಕ್ತಿ ಅಂದರೆ ಮೈಮೇಲೆ ಕೆಂಪು ಬಟ್ಟೆ ತೊಟ್ಟು ಹಾರುವವರ ನೆನಪು ಬರುತ್ತದೆ. ‘ಈ ವಾಚಿನ ಗುಣ ಮೊಟ್ಟೆ ಬೇಯಿಸೋದು’ ಅಂದರೆ ಎಷ್ಟು ತಣ್ಣಗಿದೆ ನೋಡಿ. ಬೇರಿಗೆ, ಸೊಪ್ಪಿಗೆ ಗುಣ ಇರುತ್ತದಲ್ಲ, ಯಾರೂ ಕೊಡದೆ, ತಾನಾಗಿ. ಎರಡು ಸಾಮಾನು ಕೂಡಿಸಿ ಬಳಸಿದರೆ ಮೂರನೆಯದೇ ಒಂದು ಗುಣ ಹುಟ್ಟುತ್ತದೆ ಅನ್ನುವುದೂ ಸರಣಿಯಲ್ಲಿದೆ. ಅಲ್ಲಿಗೂ ಈ ಪದ ಸಲೀಸು.

ಸರಣಿ ನೋಡಬೇಕು ಅಂದುಕೊಂಡವರು ಈ ಪ್ಯಾರಾ ಬಿಟ್ಟುಬಿಡಿ. ಕೊನೆಯ ಹೊತ್ತಿಗೆ ಗೊತ್ತಾಗುವ ಸಂಗತಿ ಅಂದರೆ, ಆ ದಿನ ರೂಮಿನಲ್ಲಿದ್ದ ಮನುಷ್ಯನೂ ಒಂದು ‘ಆಬ್ಜೆಕ್ಟ್’. ಬಾಚಣಿಗೆ, ಪೆನ್ಸಿಲಿನ ಸಾಲಿಗೆ ಅವನೂ ಸೇರುತ್ತಾನೆ. ಸರಣಿಯಲ್ಲಿ ಅವನನ್ನು ಕರೆಯುವ ಹೆಸರಿಗೆ ‘ರೂಮಿನವನು’ ಅಂತ ಇಟ್ಟಿದ್ದೇನೆ, ಅದು ಸರಿಹೋಯಿತು. ತೊಡಕು ಬರುವುದು ವ್ಯಾಕರಣದ ಲಿಂಗದಲ್ಲಿ. ಕನ್ನಡದಲ್ಲಿ ಸಾಮಾನು ‘ಅದು’, ಮನುಷ್ಯ ‘ಅವನು’. ‘ಅವನೂ ಒಂದು ಸಾಮಾನು’ ಅಂದರೆ ಬೈದಂತೆ ಕೇಳುತ್ತದೆ. ‘ಸಾಮಾನುಗಳಲ್ಲಿ ಒಬ್ಬ’ ಅಂದರೆ ವ್ಯಾಕರಣವೇ ಮುಗ್ಗರಿಸುತ್ತದೆ, ಆದರೆ ಕಥೆಗೆ ಬೇಕಾದ ಕಸಿವಿಸಿ ಸರಿಯಾಗಿ ಅಲ್ಲೇ ಇದೆ. ಸದ್ಯಕ್ಕೆ ಎರಡನೆಯದನ್ನೇ ಉಳಿಸಿಕೊಂಡಿದ್ದೇನೆ. ಪದ ‘ಸಾಮಾನು’ ಬಿಟ್ಟು ‘ವಸ್ತು’ ಆದರೂ ಈ ತೊಡಕು ಬಿಡುವುದಿಲ್ಲ.

ಇನ್ನು ಕೇಳಬೇಕಾದ್ದು. ಕರಾವಳಿಯವರು ಮಹಿಮೆ, ಪ್ರಭಾವ ಅನ್ನುವ ಅರ್ಥದಲ್ಲಿ ‘ಕಾರಣಿಕ’ ಅನ್ನುವ ಪದ ಬಳಸುತ್ತಾರೆ, ಕಾರಣಿಕದ ದೈವ, ಕಾರಣಿಕದ ಕ್ಷೇತ್ರ ಅಂತ. ಬಯಲುಸೀಮೆಯ ಕಾರ್ಣಿಕ ಬೇರೆ, ಮೈಲಾರದಲ್ಲಿ ನುಡಿಯುವ ಭವಿಷ್ಯವಾಣಿ ಅದು. ನನಗೆ ಬೇಕಾದ್ದು ಮೊದಲನೆಯದು. ದೈವವನ್ನು, ಜಾಗವನ್ನು ಬಿಟ್ಟು ಕೈಯಲ್ಲಿ ಹಿಡಿಯುವ ಸಣ್ಣ ವಸ್ತುವಿಗೂ, ಅಂದರೆ ಉಂಗುರಕ್ಕೋ ಕತ್ತಿಗೋ, ‘ಇದಕ್ಕೆ ಕಾರಣಿಕ ಇದೆ’ ಅಂತ ಮನೆಮಾತಿನಲ್ಲಿ ಅನ್ನುವುದುಂಟೇ? ಉಂಟು ಅಂದರೆ ವಾಕ್ಯ ಸಮೇತ ಬರೆಯಿರಿ, ಸುಮ್ನೆ ಪದ ಮಾತ್ರ ಬೇಡ. ಹಾಗೆಯೇ ‘ಮಹಿಮೆ’ಯನ್ನು ದೇವರು, ಗುರುಗಳ ನಂಟಿಲ್ಲದ ವಸ್ತುವಿಗೆ ಯಾರಾದರೂ ಗಂಭೀರವಾಗಿ ಬಳಸಿದ್ದು ಕೇಳಿದ್ದೀರಾ? ‘ನಿನ್ನ ಪೆನ್ನಿನ ಮಹಿಮೆ’ ಅಂತ ಕಿಚಾಯಿಸುವುದು ನನಗೂ ಗೊತ್ತು. ಅದು ಲೆಕ್ಕಕ್ಕಿಲ್ಲ.