ಒಂದೇ ಆಫ್‌ಸೆಟ್ ಮಷಿನ್, ಕೆಲಸಗಳ ಸರತಿ ಸುಧಾರಿಸುತ್ತಲೇ ಇಲ್ಲ

ಶಿರಸಿ ಮುದ್ರಕ: ಶಿರಸಿಯಲ್ಲಿ ನಮ್ಮದು ಸಣ್ಣ ಪ್ರೆಸ್. ಇರುವುದು ಒಂದೇ ಮಷಿನ್, ಒಂದು ಸಲಕ್ಕೆ ಒಂದೇ ಬಣ್ಣ. ಸೊಸೈಟಿ ಬಿಲ್ ಬುಕ್, ಯಕ್ಷಗಾನದ ಹ್ಯಾಂಡ್‌ಬಿಲ್ ಕಪ್ಪು. ಮದುವೆ ಕಾಗದ ಕೆಂಪು. ಇಂಕು ಬದಲಿಸಿದಾಗಲೆಲ್ಲ ರೋಲರ್ ತೊಳೆಯಲು ಅರ್ಧ ಗಂಟೆ ಬೇಕು. ಒಟ್ಟು ತಡ (ಪ್ರತಿ ಕೆಲಸ ಗಡುವು ಮೀರಿದ ಹೊತ್ತಿನ ಮೊತ್ತ) ಕಡಿಮೆ ಮಾಡಲು ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದಿದ್ದೇನೆ. ಗಡುವಿನ ಪ್ರಕಾರ ಜೋಡಿಸಿ, ಅಕ್ಕಪಕ್ಕದ ಕೆಲಸಗಳನ್ನು ಅದಲುಬದಲು ಮಾಡುತ್ತಾ ಹೋಗುತ್ತದೆ. ಸಿಮ್ಯುಲೇಟೆಡ್ ಅನೀಲಿಂಗ್ (ಆಗಾಗ ಕೆಟ್ಟ ಸರತಿಯನ್ನೂ ಒಪ್ಪುತ್ತಾ ಹುಡುಕುವ ವಿಧಾನ, ಟೆಂಪರೇಚರ್ ಹೆಚ್ಚಿದ್ದಷ್ಟೂ ಹೆಚ್ಚು ಒಪ್ಪುತ್ತದೆ) ಹಾಕಿದರೂ ಉತ್ತರ ಅಲ್ಲೇ ನಿಲ್ಲುತ್ತದೆ. ಶುರುವಿನ ಟೆಂಪರೇಚರ್ 10, ಪ್ರತಿ ಸುತ್ತಿಗೂ ಅರ್ಧ ಮಾಡುತ್ತೇನೆ. ಲೆಕ್ಕವೆಲ್ಲ ನಿಮಿಷದಲ್ಲಿ. ಮದುವೆ ಸೀಸನ್ ಹತ್ತಿರ ಬಂತು, ಯಾರಾದ್ರೂ ನೋಡಿ ಹೇಳಿ.

ಕಾಳಿ ತೀರ, ಕಾರವಾರ: ಸಾರ್, ಸಿಕ್ಕಿಕೊಳ್ಳುವ ಜಾಗ ಕಾಗದದ ಮೇಲೇ ಕಾಣುತ್ತದೆ. ನಾಲ್ಕು ಕೆಲಸ, ತಲಾ ಎರಡು ಗಂಟೆ, ನಾಲ್ಕರ ಗಡುವೂ ಮಷಿನ್ ಶುರುವಾಗುವ ಹೊತ್ತಿಗೇ ಮುಗಿಯುತ್ತದೆ ಅನ್ನಿ. ಕಪ್ಪು-ಕೆಂಪು-ಕೆಂಪು-ಕಪ್ಪು ಹೊಡೆದರೆ ಒಟ್ಟು ತಡ 22 ಗಂಟೆ. ಮೊದಲ ಎರಡನ್ನು ಅದಲುಬದಲು ಮಾಡಿ: 23. ಕೊನೆಯ ಎರಡನ್ನು ಮಾಡಿ: 23. ನಡುವಿನ ಕೆಂಪುಗಳನ್ನು ಮಾಡಿದರೆ 22ರಲ್ಲೇ ಇರುತ್ತದೆ. ಆದರೆ ಕೊನೆಯ ಕಪ್ಪನ್ನು ಕಿತ್ತು ಎರಡನೇ ಜಾಗಕ್ಕೆ ತಂದರೆ 21! ಒಂದು ತೊಳೆಯುವುದೂ ಉಳಿಯಿತು. ಹಾಗಾಗಿ ಅದಲುಬದಲಿನ ಜೊತೆಗೆ ಒಂದು ಕೆಲಸವನ್ನು ಎತ್ತಿ ಬೇರೆ ಎಲ್ಲಾದರೂ ಸೇರಿಸುವ ನಡೆಯನ್ನೂ ಹಾಕಿ.

ಇನ್ನು ಅನೀಲಿಂಗ್. 22ರಿಂದ 23ಕ್ಕೆ ಹತ್ತಿದರೆ ಮಾತ್ರ ನಿಮ್ಮ ಹಳೇ ನಡೆ 21ಕ್ಕೆ ಇಳಿಯಬಹುದು. ಆ ಏರು 60 ನಿಮಿಷ. ಟೆಂಪರೇಚರ್ 10 ಇದ್ದಾಗ ಅದನ್ನು ಒಪ್ಪುವ ಸಾಧ್ಯತೆ ಇ‌ನ ಘಾತ ಮೈನಸ್ 6 (ಇ ಅಂದರೆ ಸುಮಾರು 2.718, 6 ಬಂದದ್ದು 60 ಭಾಗ 10ರಿಂದ), ಅಂದರೆ ಸಾವಿರಕ್ಕೆ ಎರಡೋ ಮೂರೋ. ಮೇಲಿಂದ ಪ್ರತಿ ಸುತ್ತಿಗೂ ಅರ್ಧ ಮಾಡಿದರೆ ಅನೀಲಿಂಗ್ ಹೆಸರಿಗೆ ಮಾತ್ರ ಇದ್ದಂತೆ. 87ರ ಹತ್ತಿರ ಶುರು ಮಾಡಿ, ಆಗ ಇಂಥ ಏರನ್ನು ಸುಮಾರು ಅರ್ಧದಷ್ಟು ಸಲ ಒಪ್ಪುತ್ತದೆ. ಪ್ರತಿ ಸುತ್ತಿಗೂ ಟೆಂಪರೇಚರನ್ನು 0.99ರಿಂದ ಗುಣಿಸಿ. ಈವರೆಗಿನ ಒಳ್ಳೆಯ ಸರತಿಯನ್ನು ಬೇರೆಯೇ ಉಳಿಸಿಡಿ.

ಶಿರಸಿ ಮುದ್ರಕ: ಗಡುವಿನ ಪ್ರಕಾರ ಶುರು ಮಾಡಿದ್ದೇ ತಪ್ಪಾ? 12 ಕೆಲಸ ಇದ್ದರೆ ಸುಮ್ನೆ ಎಲ್ಲ ಸರತಿಗಳನ್ನೂ ನೋಡಬಹುದಲ್ವಾ?

ಕಾಳಿ ತೀರ, ಕಾರವಾರ: ಶುರುವಿಗೆ ಅದು ಒಳ್ಳೆಯದೇ. ಗಡುವಿನ ಸರತಿಯಲ್ಲಿ ಅತಿ ಹೆಚ್ಚು ತಡವಾಗುವ ಕೆಲಸದ ತಡ ಕನಿಷ್ಠವಾಗುತ್ತದೆ ಎಂದು ಜಾಕ್ಸನ್ 1955ರಲ್ಲೇ ತೋರಿಸಿದ್ದರು. ಆದರೆ ಅದರಲ್ಲಿ ರೋಲರ್ ತೊಳೆಯುವ ಲೆಕ್ಕ ಇಲ್ಲ, ನಿಮಗೆ ಬೇಕಾದದ್ದು ಒಟ್ಟು ತಡ. ತೊಳೆಯುವ ತಾಪತ್ರಯ ಇಲ್ಲದಿದ್ದರೂ ಒಟ್ಟು ತಡದ ಸಮಸ್ಯೆ ಎನ್‌ಪಿ-ಹಾರ್ಡ್ (ಕೆಲಸ ಹೆಚ್ಚಿದಂತೆ ಬೇಗ ಬಿಡಿಸುವ ದಾರಿ ಯಾರಿಗೂ ಗೊತ್ತಿಲ್ಲದ ಜಾತಿಯದು) ಎಂದು 1990ರಲ್ಲಿ ಡು ಮತ್ತು ಲ್ಯೂಂಗ್ ಸಾಧಿಸಿದರು. 12 ಕೆಲಸಕ್ಕೆ 47.9 ಕೋಟಿ ಸರತಿ. ಪೈಥಾನ್‌ನಲ್ಲಿ ಕಾಯುತ್ತಾ ಕೂರಬೇಕಾಗುತ್ತದೆ. 7-8 ಕೆಲಸಕ್ಕೆ ಮಾತ್ರ ಎಲ್ಲ ನೋಡಿ, ಅನೀಲಿಂಗ್ ಉತ್ತರ ಅದಕ್ಕೆ ಹೊಂದುತ್ತದಾ ಅಂತ ಪರೀಕ್ಷಿಸಿಕೊಳ್ಳಿ.

ಶಿರಸಿ ಮುದ್ರಕ: ಸೇರಿಸುವ ನಡೆ ಹಾಕಿದೆ, ಉತ್ತರ ಇಳಿಯಿತು! ಕೆಂಪು ಕೆಲಸಗಳೆಲ್ಲ ಒಟ್ಟಿಗೆ ಬಂದಿವೆ. ತುಂಬಾ ಉಪಕಾರ ಆಯ್ತು. ನಡುವೆ ಅರ್ಜೆಂಟ್ ಕೆಲಸ ಬಂದರೆ?

ಕಾಳಿ ತೀರ, ಕಾರವಾರ: ಮಷಿನ್ ಮೇಲಿರುವ ಕೆಲಸ ಮುಟ್ಟಬೇಡಿ. ಅದು ಮುಗಿಯುವ ಹೊತ್ತನ್ನೇ ಶುರು ಅಂತ ಹಿಡಿದು, ರೋಲರ್ ಮೇಲಿನ ಇಂಕನ್ನು ಮೊದಲ ಬಣ್ಣವಾಗಿ ಕೊಟ್ಟು, ಉಳಿದವನ್ನು ಮತ್ತೆ ಓಡಿಸಿ.