ಶಿಚಿಮಿ ಪುಡಿ: ಮೂರು ಹಳೇ ಅಂಗಡಿ, ಮೂರು ರುಚಿ. ಅಸಲಿ ಯಾವುದು?

ಒಗ್ಗರಣೆಸೌಟು:
ಶಿಚಿಮಿ ತೊಗರಾಶಿ ಅಂದರೆ ಏಳು ಪದಾರ್ಥ ಸೇರಿದ ಜಪಾನಿನ ಖಾರದ ಪುಡಿ, ಅಷ್ಟು ಗೊತ್ತು. ಆದರೆ ಟೋಕಿಯೊ, ಕ್ಯೋಟೊ, ನಗಾನೊ ಊರುಗಳ ಹಳೇ ಅಂಗಡಿಗಳ ಪುಡಿಗೆ ಬಣ್ಣವೂ ಬೇರೆ, ಘಮವೂ ಬೇರೆ. ಅಸಲಿ ಯಾವುದು? ಮನೆಯಲ್ಲಿ ಬೆರೆಸಿದರೆ ವಾರದೊಳಗೆ ಗಂಟು ಕಟ್ಟಿ ಕಹಿಯಾಗುತ್ತದೆ. ತಪ್ಪೋದು ಎಲ್ಲಿ?

ಎಳ್ಳುಕಾಳು:
ಮೂರೂ ಅಸಲಿಯೇ. ಏಳು ಅನ್ನೋ ಲೆಕ್ಕ ಎಲ್ಲರದ್ದು, ಪಟ್ಟಿ ಮಾತ್ರ ಅವರವರದ್ದು.

ಹಿರಿಯದು ಯಾಗೆನ್‌ಬೊರಿ, 1625ರದ್ದು. ಎದೊ ನಗರದಲ್ಲಿ (ಟೋಕಿಯೊದ ಹಳೇ ಹೆಸರು) ವೈದ್ಯರು, ಔಷಧಿ ವ್ಯಾಪಾರಿಗಳು ತುಂಬಿದ್ದ ಕೇರಿಯಲ್ಲಿ ಶುರುವಾದದ್ದು. ಈಗ ಟೋಕಿಯೊದ ಅಸಾಕುಸಾದಲ್ಲಿದೆ. ಯಾಗೆನ್ ಅಂದರೆ ಔಷಧಿ ಅರೆಯುವ ದೋಣಿಯಾಕಾರದ ಸಾಧನ. ಇವರ ಏಳರಲ್ಲಿ ಮೆಣಸಿನಕಾಯಿಗೇ ಎರಡು ಸ್ಥಾನ: ಹುರಿದದ್ದು, ಹುರಿಯದ್ದು. ಉಳಿದವು ಸಾನ್ಶೊ (ಜುಮ್ಮನಕಾಯಿ ಕುಲದ್ದೇ), ಕರಿ ಎಳ್ಳು, ಗಸಗಸೆ, ಹೆಂಪ್ (ಗಾಂಜಾ ಜಾತಿಯ ಗಿಡ) ಬೀಜ, ಒಣಗಿಸಿದ ಕಿತ್ತಳೆ ಸಿಪ್ಪೆ.

ಕ್ಯೋಟೊದ ಶಿಚಿಮಿಯಾ ಹೊಂಪೊ 1650ರ ದಶಕದ್ದು, ಕಿಯೊಮಿಜು ದೇವಸ್ಥಾನಕ್ಕೆ ಹತ್ತುವ ದಾರಿಯಲ್ಲಿದೆ. ಅಲ್ಲಿ ಸಿಪ್ಪೆ ಇಲ್ಲ. ಬಿಳಿ ಎಳ್ಳು, ಕರಿ ಎಳ್ಳು ಎರಡೂ ಇವೆ, ಜೊತೆಗೆ ಶಿಸೊ ಅನ್ನೋ ಘಮದ ಎಲೆ, ಅಒನೊರಿ ಪಾಚಿ. ನಗಾನೊದ ಯಾವಾತಾಯಾ ಇಸೊಗೊರೊ (1736) ಜೆಂಕೊಜಿ ದೇವಸ್ಥಾನದ ಯಾತ್ರಿಕರಿಗೆ ಮಾರಿ ಬೆಳೆದದ್ದು. ಅದರ ಗುರುತು ಶುಂಠಿ.

ಸಾರು ನೋಡಿದರೆ ವ್ಯತ್ಯಾಸದ ಕಾರಣ ತಿಳಿಯುತ್ತದೆ. ಟೋಕಿಯೊ ಕಡೆಯ ಸೋಬಾ ಶಾವಿಗೆಯ ಸಾರು ಗಾಢ ಸೋಯಾದ್ದು, ಖಾರವನ್ನು ತಡೆದುಕೊಳ್ಳುತ್ತದೆ. ಕ್ಯೋಟೊದ ಕೊಂಬು (ಒಣಗಿಸಿದ ಕಡಲ ಪಾಚಿ) ಸಾರು ತಿಳಿ. ಅಷ್ಟೇ ಮೆಣಸಿನಕಾಯಿ ಹಾಕಿದರೆ ಸಾರಿನ ರುಚಿಯೇ ಸತ್ತುಹೋಗುತ್ತದೆ. ಅಲ್ಲಿ ಘಮಕ್ಕೇ ಮೊದಲ ಮಣೆ.

ಕುಟ್ಟಾಣಿ:
ಅಳತೆ, ಚಹಾ ಚಮಚದಲ್ಲಿ: ತರಿತರಿ ಮೆಣಸಿನಪುಡಿ 2, ಸಾನ್ಶೊ, ಸಿಪ್ಪೆ ಪುಡಿ, ಕರಿ ಎಳ್ಳು, ಬಿಳಿ ಎಳ್ಳು, ಹೆಂಪ್ ಬೀಜ ತಲಾ 1, ಅಒನೊರಿ ಅರ್ಧ.

ಕಹಿಗೆ ಸಾಮಾನ್ಯ ಕಾರಣ ಸಿಪ್ಪೆಯ ಒಳಗಿನ ಬಿಳಿ ಪದರ. ಹಸಿಯಿದ್ದಾಗಲೇ ಅದನ್ನು ಚಾಕುವಿನಿಂದ ಕೆರೆದು ತೆಗೆಯಬೇಕು. ಆಮೇಲೆ, ಬಗ್ಗಿಸಿದರೆ ಪಟಕ್ಕನೆ ಮುರಿಯುವ ತನಕ ಒಣಗಿಸಿ. ಬಾಗಿದರೆ ಇನ್ನೂ ನೀರಿದೆ ಅಂತಲೇ ಅರ್ಥ. ಮೆಣಸಿನಕಾಯಿ ಕಪ್ಪಗೆ ಸೀದಿದ್ದರೂ ಕಹಿ ಬರುತ್ತದೆ. ಸಾನ್ಶೊದಲ್ಲಿ ಬೇಕಾದದ್ದು ಹಸಿರು ಸಿಪ್ಪೆ ಮಾತ್ರ. ಒಳಗಿನ ಕರಿ ಬೀಜ ಉಳಿದರೆ ಹಲ್ಲಿಗೆ ಮರಳು ಸಿಕ್ಕಂತೆ. ಮಿಕ್ಸಿಯಲ್ಲಿ ಒಂದೇ ಸಮ ತಿರುಗಿಸಿದರೆ ಬ್ಲೇಡಿನ ಬಿಸಿಗೆ ಅದರ ಘಮ ಹಾರಿಹೋಗುತ್ತದೆ, ಕುಟ್ಟಾಣಿಯಲ್ಲಿ ಕುಟ್ಟಿ.

ಗಂಟಿನ ವಿಷಯ: ಎಳ್ಳನ್ನು ಸಣ್ಣ ಉರಿಯಲ್ಲಿ, ನಾಲ್ಕು ಕಾಳು ಸಿಡಿಯುವವರೆಗೆ ಹುರಿದು ತಟ್ಟೆಯಲ್ಲಿ ಹರವಿ. ಪೂರ್ತಿ ಆರದೆ ಬೆರೆಸಿದರೆ ಆವಿ ಡಬ್ಬಿಯೊಳಗೇ ಉಳಿದು ಅಒನೊರಿ ಮೆತ್ತಗಾಗುತ್ತದೆ. ಎಳ್ಳನ್ನು ಅರೆಯಲೂ ಬೇಡಿ, ಎಣ್ಣೆ ಬಿಟ್ಟು ಬೇಗ ಕಮಟುತ್ತದೆ.

ಒಗ್ಗರಣೆಸೌಟು:
ಬಿಳಿ ಪದರ ತೆಗೆದಿರಲಿಲ್ಲ! ಹೆಂಪ್ ಬೀಜ ಸಿಗದಿದ್ದರೆ?

ಕುಟ್ಟಾಣಿ:
ಗಸಗಸೆ ಹಾಕಿ. ಹೆಂಪ್ ಕಾಳು ದಪ್ಪ, ಹಲ್ಲಿಗೆ ಸಿಕ್ಕಾಗ ಕಟುಮ್ ಅನ್ನುತ್ತದೆ. ಅದೊಂದು ಇರಲ್ಲ, ಅಷ್ಟೇ.

ತಿಳಿಸಾರು:
ಒಂದು ಸೇರಿಸ್ತೀನಿ. ಹಬೆಯಾಡುವ ಬಟ್ಟಲಿನ ಮೇಲೇ ಡಬ್ಬಿ ಹಿಡಿದು ಅಲ್ಲಾಡಿಸಬೇಡಿ, ಹಬೆ ನೇರ ತೂತಿನೊಳಗೆ ಹೋಗುತ್ತದೆ. ಚಿಟಿಕೆಯಷ್ಟು ಅಂಗೈಗೆ ಸುರಿದುಕೊಂಡು ಉದುರಿಸಿ. ಹೆಚ್ಚಿನದನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿ. ಹೊರತೆಗೆದ ಮೇಲೆ ಡಬ್ಬಿಯ ತಣ್ಪು ಹೋಗುವ ತನಕ ಮುಚ್ಚಳ ತೆಗೆಯಬೇಡಿ. ಇಲ್ಲದಿದ್ದರೆ ಒಳಗೆ ನೀರು ಬೆವರುತ್ತದೆ.

ಯಾಗೆನ್‌ಬೊರಿಯಲ್ಲಿ ಖಾರ ಎಷ್ಟು ಬೇಕು ಅಂತ ಕೇಳಿ ಕಣ್ಣೆದುರೇ ಬೆರೆಸಿಕೊಡುತ್ತಾರೆ. ಅಲ್ಲಿ ಕೊಳ್ಳುವುದಾದರೆ ದೊಡ್ಡ ಪೊಟ್ಟಣದ ಆಸೆ ಬಿಡಿ. ಸಾನ್ಶೊ ಹಸಿರು ಕಂದಿ ಕಂದುಬಣ್ಣಕ್ಕೆ ತಿರುಗಿತೆಂದರೆ ಆ ಪುಡಿಯಲ್ಲಿ ಉಳಿದಿರೋದು ಬರೀ ಖಾರ.