ಹೈಸ್ಕೂಲ್ ಮಕ್ಕಳಿಗೆ ಇಂಟರ್ಮೀಡಿಯೆಟ್ ಸ್ಪ್ಯಾನಿಷ್: ಕಲಿಸಿರೋರು ಅನುಭವ ಹೇಳಿ ಪ್ಲೀಸ್

ಎಲ್ಲರಿಗೂ ನಮಸ್ಕಾರ. ಈ ಸಲ ಹೈಸ್ಕೂಲ್ ಮಕ್ಕಳ ಎರಡನೇ ಹಂತದ ಸ್ಪ್ಯಾನಿಷ್ ನನ್ನ ತಲೆಗೆ ಕಟ್ಟಿದ್ದಾರೆ, ಅಂದ್ರೆ ಎ2 ಮುಗಿಸಿ ಬಿ1 ಕಡೆ (ಯುರೋಪಿನ ಭಾಷಾ ಮಟ್ಟಗಳಲ್ಲಿ ಆರಂಭ ದಾಟಿ ಮಧ್ಯಮಕ್ಕೆ) ಹೊರಟಿರೋರು. ವರ್ತಮಾನಕಾಲ ಪರವಾಗಿಲ್ಲ, ಆದ್ರೆ ನಿನ್ನೆ ಏನಾಯ್ತು ಹೇಳು ಅಂದ್ರೆ ಬಾಯಿ ಕಟ್ಟಿಹೋಗುತ್ತೆ. ಪ್ರೆಟೆರಿಟ್, ಇಂಪರ್ಫೆಕ್ಟ್ ಅಂತ ಎರಡು ಭೂತಕಾಲ ಇದೆಯಲ್ಲ, ಅಲ್ಲೇ ಎಲ್ಲರೂ ಗೋತಾ. ಇದರ ಮೇಲೆ ಸಿಲಬಸ್‌ನಲ್ಲಿ ಕಲ್ಚರ್ ಅಂತ ಬೇರೆ ಭಾಗ, ಅದನ್ನ ಹಬ್ಬ, ಊಟ, ಡ್ಯಾನ್ಸ್ ಫೋಟೋ ತೋರಿಸಿ ಮುಗಿಸೋಕೆ ಮನಸ್ಸಿಲ್ಲ. ಹೆಚ್ಚಿನ ಮಕ್ಕಳ ಮನೆಮಾತು ಕನ್ನಡ, ಪುಸ್ತಕ ಮಾತ್ರ ಎಲ್ಲಾನೂ ಇಂಗ್ಲಿಷ್ ಮೂಲಕ ವಿವರಿಸುತ್ತೆ. ನೀವೆಲ್ಲ ಹೇಗೆ ಮಾಡ್ತೀರಾ?

---

ಮೇಡಂ, ಮನೆಮಾತು ಕನ್ನಡ ಅಂದ್ರಲ್ಲ, ಹಾಗಿದ್ರೆ ಅರ್ಧ ಕೆಲಸ ಆಯ್ತು ಅಂದ್ಕೊಳ್ಳಿ. ಪುಸ್ತಕದ ವಿವರಣೆ ಬದಿಗಿಟ್ಟು ಬೋರ್ಡ್ ಮೇಲೆ ಇಷ್ಟೇ ಬರೀರಿ: ಹೋದೆ ಅಂದ್ರೆ ಫುಯಿ, ಅದು ಪ್ರೆಟೆರಿಟ್, ಹೋಗ್ತಿದ್ದೆ ಅಂದ್ರೆ ಇಬಾ, ಅದು ಇಂಪರ್ಫೆಕ್ಟ್. ಇಂಗ್ಲಿಷ್‌ನಲ್ಲಿ 'ವೆಂಟ್' ಅನ್ನೋ ಒಂದೇ ರೂಪ ಎರಡೂ ಕಡೆ ಓಡುತ್ತೆ, ಅದಕ್ಕೇ ಆ ಪುಸ್ತಕಗಳು ಪುಟಗಟ್ಟಲೆ ರೂಲ್ಸ್ ಕೊಡಬೇಕಾಗುತ್ತೆ, ನಮ್ಮ ಮಕ್ಕಳು 'ಚಿಕ್ಕವನಿದ್ದಾಗ ದಿನಾ ಆಡ್ತಿದ್ದೆ, ಒಂದಿನ ಬಿದ್ದೆ' ಅಂತ ಯೋಚನೇನೇ ಮಾಡದೆ ಹೇಳ್ತಾರೆ. ಆಡ್ತಿದ್ದೆ ಹುಗಾಬಾ, ಬಿದ್ದೆ ಮೆ ಕಾಯಿ, ಮುಗೀತು. ಇನ್ನೂ ಮಜಾ ಅಂದ್ರೆ, ಪ್ರೆಟೆರಿಟ್‌ಗೆ ಬಂದಾಗ ಅರ್ಥಾನೇ ಬದಲಾಗೋ ಕ್ರಿಯಾಪದಗಳು ಅಂತ ಪುಸ್ತಕದಲ್ಲಿ ಒಂದು ಬಾಕ್ಸ್ ಹಾಕಿ ಹೆದರಿಸಿರ್ತಾರಲ್ಲ, ಅದು ಕನ್ನಡದವರಿಗೆ ಬಾಕ್ಸೇ ಬೇಡ. ಸಾಬಿಯಾ ಅಂದ್ರೆ ಗೊತ್ತಿತ್ತು, ಸೂಪೆ ಅಂದ್ರೆ ಗೊತ್ತಾಯ್ತು. ಕೊನೊಸಿಯಾ ಪರಿಚಯ ಇತ್ತು, ಕೊನೊಸಿ ಪರಿಚಯ ಆಯ್ತು. ಇತ್ತು, ಆಯ್ತು, ಅಷ್ಟೇ ವ್ಯತ್ಯಾಸ.

ಗುಸ್ತಾರ್ (ಇಷ್ಟ ಆಗೋದು) ಕೂಡ ಹೀಗೇ. ಮೆ ಗುಸ್ತೊ ಲಾ ಕಾನ್ಸಿಯೊನ್, ನನಗೆ ಹಾಡು ಇಷ್ಟ ಆಯ್ತು. ಮೆ ಗುಸ್ತಾರೊನ್ ಲಾಸ್ ಕಾನ್ಸಿಯೊನೆಸ್, ಹಾಡುಗಳು ಇಷ್ಟ ಆದವು. 'ನನಗೆ'ನೂ ಅಲ್ಲೇ ಇದೆ, ಕ್ರಿಯಾಪದ ಹಾಡಿಗೆ ತಕ್ಕಂತೆ ಬದಲಾಗೋದೂ ಅಲ್ಲೇ ಇದೆ. ಇಂಗ್ಲಿಷ್ ದಾರೀಲಿ ಬಂದ ಮಕ್ಕಳು 'ಯೊ ಗುಸ್ತೊ' ಅಂತ ಬರೆದು ಮಾರ್ಕ್ಸ್ ಕಳ್ಕೊಳ್ತಾರೆ. ಆಮೇಲೆ ಮನುಷ್ಯರನ್ನ ಸೂಚಿಸೋ ಪದದ ಮುಂದೆ ಬರೋ ಆ 'ಆ'. ಲೆಯಿ ಎಲ್ ಲಿಬ್ರೊ, ಆದ್ರೆ ಬಿ ಆ ಮಿ ಎರ್ಮಾನೊ. ನಾವೂ ಪುಸ್ತಕ ಓದಿದೆ ಅಂತೀವಿ, ತಮ್ಮ ನೋಡಿದೆ ಅನ್ನಲ್ಲ, ತಮ್ಮನ್ನ ನೋಡಿದೆ ಅಂತಾನೇ ಅನ್ನೋದು. ಇದನ್ನ ತೋರಿಸಿದ ದಿನ ಕ್ಲಾಸಲ್ಲಿ ಒಂಥರಾ ಗಲಾಟೆನೇ ಆಗುತ್ತೆ, ನೋಡಿ ಬೇಕಾದ್ರೆ.

ಆದ್ರೆ ಎಲ್ಲಿ ಕೈ ಕೊಡುತ್ತೆ ಅನ್ನೋದನ್ನೂ ಮೊದಲೇ ಹೇಳ್ಬಿಡಿ. 'ಮೂರು ವರ್ಷ ಅಲ್ಲಿ ಕೆಲಸ ಮಾಡ್ತಿದ್ದೆ' ಅಂತ ನಾವು ಆರಾಮಾಗಿ ಅಂತೀವಿ, ಸ್ಪ್ಯಾನಿಷ್‌ನಲ್ಲಿ ಅವಧಿ ಹೇಳಿ ಮುಗಿದಮೇಲೆ ಅದು ಪ್ರೆಟೆರಿಟ್ ಆದ ತ್ರಾಬಾಹೆ, ತ್ರಾಬಾಹಾಬಾ ಅಲ್ಲ. 'ಇರು' ಅನ್ನೋದಕ್ಕಿರೋ ಸೆರ್, ಎಸ್ತಾರ್ ಅನ್ನೋ ಎರಡು ಕ್ರಿಯಾಪದಗಳ ವಿಷಯದಲ್ಲಿ ಕನ್ನಡದಿಂದ ಸಹಾಯ ಇಲ್ಲ, ಎರಾ ಎಸ್ತಾಬಾ ಎರಡಕ್ಕೂ ನಮ್ಮಲ್ಲಿ ಇತ್ತು ಒಂದೇ. ಇನ್ನೊಂದು ದೊಡ್ಡ ಕಾಟ ಅಂದ್ರೆ 'ಕೊಟ್ಯಾ?' 'ಹ್ಞೂ ಕೊಟ್ಟೆ' ಅಂತ ನಾವು ಏನನ್ನ, ಯಾರಿಗೆ ಎರಡನ್ನೂ ನುಂಗಿಬಿಡ್ತೀವಿ, ಅಲ್ಲಿ ಸೆ (ಅವರಿಗೆ) ಲೊ (ಅದನ್ನ) ದಿ (ಕೊಟ್ಟೆ) ಅಂತ ಎರಡೂ ಬಾಯಲ್ಲಿ ಬರಲೇಬೇಕು. ವರ್ಷಪೂರ್ತಿ ತಿದ್ದೋದಕ್ಕೆ ಒಂದೇ ವಿಷಯ ಆರಿಸ್ಕೋ ಅಂದ್ರೆ ನಾನು ಇದನ್ನೇ ಆರಿಸೋದು, ಲಿಂಗ ತಪ್ಪಿದ್ರೆ ಮಾತು ಅರ್ಥ ಆಗುತ್ತೆ, ಇದು ತಪ್ಪಿದ್ರೆ ಎದುರಿನವರು ಏನು ಕೊಟ್ಟೆ ಅಂತ ಕೇಳ್ತಾ ನಿಲ್ಲಬೇಕಾಗುತ್ತೆ.

---

ಮೇಲಿನವರು ಹೇಳಿದ್ದು ಸರಿ, ಆದ್ರೆ ಕನ್ನಡ ಹೋಲಿಕೆ ಹತ್ತು ನಿಮಿಷಕ್ಕೆ ನಿಲ್ಲಿಸ್ಬೇಕು, ಇಲ್ಲಾಂದ್ರೆ ಪೀರಿಯಡ್ ಪೂರ್ತಿ ಕನ್ನಡ ವ್ಯಾಕರಣದ ಕ್ಲಾಸ್ ಆಗಿಬಿಡುತ್ತೆ, ಆ ಚರ್ಚೆ ಮಕ್ಕಳಿಗೂ ಖುಷಿ ಕೊಡುತ್ತೆ ಅನ್ನೋದೇ ಅಪಾಯ.

ನೀವು ಕಲ್ಚರ್ ಬೇರೆ ಭಾಗ ಅಂತ ಯಾಕೆ ನೋಡ್ತೀರಾ? ಎರಡು ಭೂತಕಾಲಕ್ಕೆ ನಾನು ಇಟ್ಕೊಂಡಿರೋ ಪಾಠ ಗೆರ್ನಿಕಾ. 1937ರ ಏಪ್ರಿಲ್ 26, ಬಾಸ್ಕ್ ಪ್ರಾಂತ್ಯದ ಆ ಪಟ್ಟಣದ ಮೇಲೆ ಅಂತರ್ಯುದ್ಧದಲ್ಲಿ ಸರ್ಕಾರದ ವಿರುದ್ಧ ದಂಗೆ ಎದ್ದು ಆಮೇಲೆ ಸ್ಪೇನ್ ಸರ್ವಾಧಿಕಾರಿಯಾದ ಜನರಲ್ ಫ್ರಾಂಕೊ ಪರವಾಗಿ ಜರ್ಮನ್, ಇಟಾಲಿಯನ್ ವಿಮಾನಗಳು ಬಾಂಬ್ ಹಾಕಿದ್ವು. ಹಿನ್ನೆಲೆ ಪೂರ್ತಿ ಇಂಪರ್ಫೆಕ್ಟ್: ಎರಾ ಲೂನೆಸ್, ಎರಾ ದಿಯಾ ದೆ ಮೆರ್ಕಾದೊ, ಸೋಮವಾರ, ಸಂತೆ ದಿನ. ಆಮೇಲೆ ಯೆಗಾರೊನ್ ಲೊಸ್ ಅಬಿಯೊನೆಸ್, ವಿಮಾನ ಬಂದ್ವು, ಅಲ್ಲಿಂದ ಪ್ರೆಟೆರಿಟ್. ಇದಾದಮೇಲೆ ಅದೇ ವರ್ಷ ಪಿಕಾಸೊ ಬರೆದ ಅದೇ ಹೆಸರಿನ ಚಿತ್ರ ತೋರಿಸಿ, ಸುಮಾರು ಏಳೂಮುಕ್ಕಾಲು ಮೀಟರ್ ಅಗಲದ್ದು ಅಂತ ಹೇಳಿ, ಆ ಅಗಲಾನ ಗೋಡೆ ಮೇಲೆ ಅಳೆದು ತೋರಿಸಿದ್ರೆ ಇನ್ನೂ ಒಳ್ಳೇದು. ಕುದುರೆ ಏನ್ಮಾಡ್ತಿತ್ತು, ಮಗು ಎತ್ಕೊಂಡಿರೋ ತಾಯಿ ಏನ್ಮಾಡ್ತಿದ್ಲು ಅಂತ ಕೇಳ್ತಾ ಹೋಗಿ, ಎಲ್ಲ ಇಂಪರ್ಫೆಕ್ಟ್‌ನಲ್ಲೇ ಬರ್ತಾ ಹೋಗುತ್ತೆ. ಯಾರೋ ಒಬ್ರು ಮಧ್ಯದಲ್ಲಿ ಕೇಳೇ ಕೇಳ್ತಾರೆ, ವಿಮಾನ ಎಲ್ಲಿದೆ ಅಂತ. ಚಿತ್ರದಲ್ಲಿ ವಿಮಾನ ಇಲ್ಲ. ಯಾಕಿಲ್ಲ ಅನ್ನೋ ಚರ್ಚೆನ ಹರುಕುಮುರುಕು ಸ್ಪ್ಯಾನಿಷ್‌ನಲ್ಲೇ ನಡೆಸೋಕೆ ಬಿಡಿ, ಮಧ್ಯೆ ತಿದ್ದಬೇಡಿ.

ಅದೇ ಚಿತ್ರದಿಂದ ಸಬ್ಜಂಕ್ಟಿವ್‌ಗೂ ಹೋಗ್ಬಹುದು, ಅಂದ್ರೆ ಇಚ್ಛೆ, ಸಂದೇಹ ಹೇಳೋ ಕ್ರಿಯಾರೂಪಕ್ಕೆ. ಸ್ಪೇನ್‌ನಲ್ಲಿ ಪ್ರಜಾಪ್ರಭುತ್ವ ವಾಪಸ್ ಬರೋವರೆಗೂ ಚಿತ್ರ ಅಲ್ಲಿಗೆ ಹೋಗೋದು ಬೇಡ ಅಂತ ಪಿಕಾಸೊ ಹೇಳಿದ್ದ, ನ್ಯೂಯಾರ್ಕ್‌ನ ಮ್ಯೂಸಿಯಂನಲ್ಲೇ ಇತ್ತು, ಫ್ರಾಂಕೊ ಸತ್ತಿದ್ದು 1975ರಲ್ಲಿ, ಚಿತ್ರ ಸ್ಪೇನ್‌ಗೆ ಬಂದಿದ್ದು 1981ರಲ್ಲಿ, ಈಗ ಮ್ಯಾಡ್ರಿಡ್‌ನ ರೇನಾ ಸೊಫಿಯಾದಲ್ಲಿದೆ. ಒಬ್ರನ್ನ ಪಿಕಾಸೊ ಮಾಡಿ, ಇನ್ನೊಬ್ರನ್ನ ಮ್ಯೂಸಿಯಂನವರು ಮಾಡಿ. ನೊ ಕಿಯೆರೊ ಕೆ ಬುಯೆಲ್ಬಾ, ಅದು ವಾಪಸ್ ಹೋಗೋದು ನನಗೆ ಬೇಡ. ಇನ್ನೊಬ್ಬರ ಕ್ರಿಯೆ ಬಗ್ಗೆ ನನ್ನ ಇಚ್ಛೆ ಹೇಳ್ತಿದೀನಿ ಅನ್ನೋದು ಅಲ್ಲಿ ತಾನಾಗೇ ಕಾಣುತ್ತೆ, ಚಾರ್ಟ್ ಬಾಯಿಪಾಠ ಆಮೇಲೆ ಇದ್ದೇ ಇದೆ.

---

ಒಂದು ಪ್ರಾಕ್ಟಿಕಲ್ ಮಾತು. ನಿಮ್ಮ ಪುಸ್ತಕ ಸ್ಪೇನ್‌ದಾ ಮೆಕ್ಸಿಕೊದ್ದಾ ಅಂತ ಮೊದಲು ನೋಡ್ಕೊಳ್ಳಿ. ಸ್ಪೇನ್ ಪುಸ್ತಕ ಆದ್ರೆ ಬೊಸೊತ್ರೊಸ್ (ಆಪ್ತರಿಗೆ ಹೇಳೋ 'ನೀವೆಲ್ಲ') ಇರುತ್ತೆ, ಲ್ಯಾಟಿನ್ ಅಮೆರಿಕದಲ್ಲಿ ಅದರ ಜಾಗಕ್ಕೆ ಉಸ್ತೇದೆಸ್, ಅರ್ಜೆಂಟೀನಾದಲ್ಲಿ ತು (ನೀನು) ಜಾಗಕ್ಕೆ ಬೋಸ್. ಮಕ್ಕಳು ಗುರುತು ಹಿಡಿದ್ರೆ ಸಾಕು, ಬಳಸೋದು ಒಂದೇ ಇರಲಿ. ಮತ್ತೆ ಸ್ಪೇನ್ ಪುಸ್ತಕದಲ್ಲಿ ಬಸ್ ಹಿಡಿಯೋದಕ್ಕೆ ಕೊಹೆರ್ ಅಂತಿರುತ್ತೆ, ಮೆಕ್ಸಿಕೊ, ಅರ್ಜೆಂಟೀನಾದಲ್ಲಿ ಅದು ಅಶ್ಲೀಲ. ಹದಿನೈದು-ಹದಿನಾರರ ಮಕ್ಕಳು ಅದನ್ನ ನಿಮಗಿಂತ ಮೊದಲು ಇಂಟರ್ನೆಟ್‌ನಲ್ಲಿ ಕಂಡುಹಿಡಿದು ನಗ್ತಾ ಕೂತಿರ್ತಾರೆ, ನೀವೇ ಮುಖ ಗಂಟಿಕ್ಕಿಕೊಂಡು ಒಂದು ವಾಕ್ಯದಲ್ಲಿ ಹೇಳಿ ತೊಮಾರ್ ಬಳಸಿ ಅಂದ್ಬಿಡಿ, ಕಥೆ ಮುಗಿಯುತ್ತೆ.

ಸ್ಪ್ಯಾನಿಷ್ ಅಂದ್ರೆ ಸ್ಪೇನ್ ಮತ್ತೆ ಮೆಕ್ಸಿಕೊ ಅಷ್ಟೇ ಅಂದ್ಕೊಂಡಿರ್ತಾರೆ. 20 ದೇಶಗಳ ಅಧಿಕೃತ ಭಾಷೆ ಅದು, ಆಫ್ರಿಕಾದ ಈಕ್ವಟೋರಿಯಲ್ ಗಿನಿನೂ ಅದರಲ್ಲಿದೆ, ಅಮೆರಿಕದ ಅಧೀನದ ಪೋರ್ಟೊ ರಿಕೊ ಈ ಲೆಕ್ಕಕ್ಕೆ ಹೊರಗೆ. ಮ್ಯಾಪ್ ಖಾಲಿ ಕೊಟ್ಟು ತುಂಬಿಸಿ ಅನ್ನಿ.

---

ನಾನು ಮಾತಾಡ್ಸೋ ಬಗ್ಗೆ ಮಾತ್ರ ಹೇಳ್ತೀನಿ. ಈ ಹಂತದ ಮಕ್ಕಳು ನಿಲ್ಲೋದು ಹೆಚ್ಚಾಗಿ ಪದ ಸಿಗದೆ. ಅದಕ್ಕೆ 'ಎಸ್ ಉನಾ ಕೋಸಾ ಕೆ ಸಿರ್ವೆ ಪಾರಾ', ಅಂದ್ರೆ ಇದು ಇಂಥದ್ದಕ್ಕೆ ಬಳಸೋ ವಸ್ತು, ಈ ಒಂದು ತುಣುಕು ಬಾಯಲ್ಲಿ ಕೂರಿಸಿ. ಚೀಟಿ ಎತ್ತಿ, ವಸ್ತುವಿನ ಹೆಸರು ಹೇಳದೆ ವಿವರಿಸೋ ಆಟ, ವಾರಕ್ಕೊಂದ್ಸಲ ಐದು ನಿಮಿಷ ಸಾಕು. ಪದ ಮರೆತ್ರೂ ಮಾತು ನಿಲ್ಲಿಸದೆ ಸುತ್ತಿಬಳಸಿ ಹೋಗೋದು ಕಲಿತ ಹುಡುಗ ಓರಲ್ ಪರೀಕ್ಷೆಲಿ ಪದಪಟ್ಟಿ ಬಾಯಿಪಾಠ ಮಾಡಿದವನಿಗಿಂತ ಚೆನ್ನಾಗಿ ಮಾಡ್ತಾನೆ, ಇದು ನಾನು ಮತ್ತೆ ಮತ್ತೆ ನೋಡಿರೋದು.

ಉಚ್ಚಾರಣೆಗೆ ಲಾ ಗೊಮೆರಾ ದ್ವೀಪದ ಸಿಲ್ಬೊ ವಿಡಿಯೋ ತೋರಿಸಿ. ಕ್ಯಾನರಿ ದ್ವೀಪಗಳಲ್ಲಿ ಒಂದು ಅದು, ಕಣಿವೆ ಆಚೆ ಕೇಳಿಸಲಿ ಅಂತ ಸ್ಪ್ಯಾನಿಷ್‌ನೇ ಶಿಳ್ಳೆಯಲ್ಲಿ ಮಾತಾಡ್ತಾರೆ, ಐದು ಸ್ವರಕ್ಕೆ ಎರಡೇ ಶಿಳ್ಳೆ, ವ್ಯಂಜನಕ್ಕೆ ನಾಲ್ಕು. 1999ರಿಂದ ಅಲ್ಲಿನ ಶಾಲೆಗಳಲ್ಲಿ ಅದೊಂದು ಪಾಠ, 2009ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರ್ತು. ಆವತ್ತು ಪಕ್ಕದ ಕ್ಲಾಸಿನವರು ಕಂಪ್ಲೇಂಟ್ ಕೊಡ್ತಾರೆ, ಮೊದಲೇ ಹೇಳಿಟ್ಟಿರಿ 😄

---

ತುಂಬಾ ಥ್ಯಾಂಕ್ಸ್ ಎಲ್ಲರಿಗೂ, ಇತ್ತು-ಆಯ್ತು ನಾಳೆನೇ ಟ್ರೈ ಮಾಡ್ತೀನಿ. ಒಂದೇ ಡೌಟ್, ಕಲ್ಚರ್‌ಗೆ ಮಾರ್ಕ್ಸ್ ಹೇಗೆ ಕೊಡ್ತೀರಾ? ಹಬ್ಬದ ಹೆಸರು, ತಾರೀಕು ಕೇಳಿದ್ರೆ ಅದು ಜನರಲ್ ನಾಲೆಡ್ಜ್ ಆಗಿಬಿಡುತ್ತೆ.

---

ತಾರೀಕು ಕೇಳ್ಬೇಡಿ ಮೇಡಂ, ಯಾಕೆ ಅಂತ ಕೇಳಿ. ಸ್ಪೇನ್‌ನವರು ರಾತ್ರಿ ಊಟ ಒಂಬತ್ತು-ಹತ್ತಕ್ಕೆ ಮಾಡ್ತಾರೆ ಅನ್ನೋದು ಮಾಹಿತಿ. ದೇಶದ ಹೆಚ್ಚಿನ ಭಾಗ ಗ್ರೀನಿಚ್‌ಗೂ ಪಶ್ಚಿಮಕ್ಕಿದ್ರೂ 1940ರಿಂದ ಗಡಿಯಾರ ಜರ್ಮನಿ ಟೈಮಿಗಿದೆ ಅಂತ ಗೊತ್ತಾದಮೇಲೆ, ಹಾಗಿದ್ರೆ ತಡ ಮಾಡ್ತಿರೋದು ಜನಾನಾ ಗಡಿಯಾರಾನಾ ಅಂತ ಐದಾರು ವಾಕ್ಯ ಬರೆಯೋಕೆ ಹೇಳಿ, ಮಾರ್ಕ್ಸ್ ಅದಕ್ಕೆ. ನಾನು ಅರ್ಧ ಮಾರ್ಕ್ಸ್ ಕಾರಣಕ್ಕೆ, ಅರ್ಧ ಭಾಷೆಗೆ ಕೊಡ್ತೀನಿ, ಭಾಷೆಲೂ ಆ ತಿಂಗಳು ಕಲಿಸಿದ ಒಂದು ವಿಷಯಕ್ಕೆ ಮಾತ್ರ ಕೆಂಪು ಪೆನ್ ಹಾಕೋದು. ಮೆಕ್ಸಿಕೊದಲ್ಲಿ ಸತ್ತವರನ್ನ ನೆನೆಯೋ ಹಬ್ಬ ಡಿಯಾ ದೆ ಮುಯೆರ್ತೊಸ್‌ಗೂ ಹಾಗೇ, ಸತ್ತವರಿಗಾಗಿ ಇಡೋ ಒಫ್ರೆಂದಾ ಫೋಟೋ ಕೊಟ್ಟು, ಆ ಮನೆಯವರು ಯಾರನ್ನ ನೆನೆಸ್ಕೊಳ್ತಿದಾರೆ, ಆ ಮನುಷ್ಯನಿಗೆ ಏನು ಇಷ್ಟ ಇತ್ತು ಅಂತ ಅಲ್ಲಿಟ್ಟಿರೋ ವಸ್ತು ನೋಡಿ ಊಹಿಸಿ ಬರೀರಿ ಅನ್ನಿ. ಲೆ ಗುಸ್ತಾಬಾ (ಇಷ್ಟ ಆಗ್ತಿತ್ತು), ಇಬಾ (ಹೋಗ್ತಿದ್ದ), ತೆನಿಯಾ (ಅವನ ಹತ್ರ ಇತ್ತು) ಅಂತ ಇಂಪರ್ಫೆಕ್ಟ್ ಸಾಲುಸಾಲಾಗಿ ಬರುತ್ತೆ. ಅದನ್ನ ಮೆಕ್ಸಿಕೊದ ಹ್ಯಾಲೋವೀನ್ ಅಂತ ಬರೆದವರಿಗೆ ಮಾತ್ರ ಪೇಪರ್ ವಾಪಸ್ ಕೊಟ್ಟು ಇನ್ನೊಂದ್ಸಲ ಬರೆಸಿ.